ಪಿ.ಟಿ. ಮೇಷ್ಟ್ರ ಹೆಸರಿನ ಬ್ಯಾಂಡು: ಶಾಲೆಯ ಮೈದಾನದಲ್ಲಿ ಬೆಳೆದ ಸದರ್ನ್ ರಾಕ್

1964ರ ಬೇಸಿಗೆ. ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಊರಿನಲ್ಲಿ ಹುಡುಗರ ಬೇಸ್‌ಬಾಲ್ ಪಂದ್ಯ. ರಾನಿ ವ್ಯಾನ್ ಜ್ಯಾಂಟ್ ಎಂಬ ಹದಿನಾರರ ಹುಡುಗ ಬೀಸಿ ಹೊಡೆದ ಚೆಂಡು ಬಾಬ್ ಬರ್ನ್ಸ್ ಎಂಬವನಿಗೆ ಬಡಿದು ಗಾಯವಾಯಿತು. ಆಟ ಅಲ್ಲಿಗೆ ನಿಂತಿತು, ಸ್ನೇಹ ಅಲ್ಲಿಂದ ಶುರುವಾಯಿತು. ಬಾಬ್‌ಗೆ ಡ್ರಮ್ಸ್ ಹುಚ್ಚು, ಜೊತೆಗಿದ್ದ ಗ್ಯಾರಿ ರಾಸಿಂಗ್ಟನ್‌ಗೆ ಗಿಟಾರ್ ಹುಚ್ಚು, ರಾನಿಗೆ ಹಾಡುವ ಆಸೆ. ಬಾಬ್‌ನ ಮನೆಯ ಮುಂದೆ ಕಾರು ನಿಲ್ಲಿಸುವ ಮಾಡಿನ ಕೆಳಗೆ ಇದ್ದಬದ್ದ ವಾದ್ಯಗಳನ್ನು ಜೋಡಿಸಿಕೊಂಡು ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹಾಡೊಂದನ್ನು ನುಡಿಸಲು ಕೂತರು. ಮುಂದೆ ಲಿನರ್ಡ್ ಸ್ಕಿನರ್ಡ್ ಎಂದು ಲೋಕವೆಲ್ಲ ಕರೆದ ಬ್ಯಾಂಡು ಹುಟ್ಟಿದ್ದು ಹೀಗೆ.

ಗಿಟಾರಿಗೆ ಇನ್ನೊಬ್ಬ ಬೇಕಿತ್ತು. ಅದೇ ಕಡೆಯ ಆ್ಯಲನ್ ಕಾಲಿನ್ಸ್ ಎಂಬ ಸಣಕಲು ಹುಡುಗನನ್ನು ಹುಡುಕಿಕೊಂಡು ಹೋದರು. ರಾನಿಗೆ ಆಗಲೇ ಹೊಡೆದಾಟದವನೆಂಬ ಹೆಸರಿತ್ತು. ಇವರು ಬರುವುದನ್ನು ಕಂಡ ಆ್ಯಲನ್ ತನಗೆ ಬಡಿಯಲಿಕ್ಕೇ ಬಂದರೆಂದು ಸೈಕಲ್ ಬಿಟ್ಟು ಮರ ಹತ್ತಿ ಕೂತನಂತೆ. ಬ್ಯಾಂಡಿನವರೇ ಹೇಳಿಕೊಂಡು ನಗುತ್ತಿದ್ದ ಕತೆ ಇದು. ಇಳಿಸಿ, ಸಮಾಧಾನ ಮಾಡಿ, ಸೇರಿಸಿಕೊಂಡರು.

ಇಂಥ ದಕ್ಷಿಣದ ಬ್ಯಾಂಡುಗಳು ಕಟ್ಟಿದ ರಾಕ್ ಸಂಗೀತಕ್ಕೆ ಸದರ್ನ್ ರಾಕ್ ಎಂದು ಹೆಸರು. ಅದರ ಬಗ್ಗೆ ಬರೆಯುವವರು ಹೆಚ್ಚಾಗಿ ಬ್ಲೂಸ್, ಕಂಟ್ರಿ, ಗಾಸ್ಪೆಲ್ ಎಂಬ ಮೂರು ಬೇರುಗಳಿಂದ ಶುರು ಮಾಡುತ್ತಾರೆ. ನಾನೂ ಅಲ್ಲಿಗೆ ಬರುತ್ತೇನೆ. ಆದರೆ ನನಗೆ ಈ ಸಂಗೀತ ಅರ್ಥವಾಗಿದ್ದು ಅದನ್ನು ಮೈದಾನದ ಕಡೆಯಿಂದ ನೋಡಿದ ಮೇಲೆ. ಇದನ್ನು ಕಟ್ಟಿದವರಲ್ಲಿ ಹಲವರು ಶಾಲೆಯ ಓರಗೆಯವರು. ಅದನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ಬಂದದ್ದರಲ್ಲೂ ಶಾಲೆಯ ಆಟೋಟದ ಪಾಲು ದೊಡ್ಡದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಎಷ್ಟೋ ಹದಿಹರೆಯದವರು ಈ ಹಾಡುಗಳನ್ನು ಮೊದಲು ಕೇಳುವುದು ಶಾಲೆಯ ಜಿಮ್ಮಿನಲ್ಲಿ, ತಂಡದ ಬಸ್ಸಿನಲ್ಲಿ, ಶುಕ್ರವಾರ ಸಂಜೆಯ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ಪಂದ್ಯದಲ್ಲಿ.

ಮೇಷ್ಟ್ರು ಮತ್ತು ಕೂದಲು

ಜಾಕ್ಸನ್‌ವಿಲ್‌ನ ರಾಬರ್ಟ್ ಇ. ಲೀ ಹೈಸ್ಕೂಲಿನಲ್ಲಿ ಲಿಯೊನಾರ್ಡ್ ಸ್ಕಿನರ್ ಎಂಬ ಪಿ.ಟಿ. ಮೇಷ್ಟ್ರಿದ್ದರು. ಬ್ಯಾಸ್ಕೆಟ್‌ಬಾಲ್ ಕೋಚ್ ಕೂಡ. ಹುಡುಗರು ಕೂದಲು ಉದ್ದ ಬಿಡಬಾರದೆಂಬ ಶಾಲೆಯ ನಿಯಮವನ್ನು ಅವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಗ್ಯಾರಿ ಮತ್ತು ಅವನ ಗೆಳೆಯರು ಮತ್ತೆ ಮತ್ತೆ ಸಿಕ್ಕಿಬಿದ್ದರು, ಮತ್ತೆ ಮತ್ತೆ ಪ್ರಿನ್ಸಿಪಾಲರ ಕೋಣೆಗೆ ಹೋದರು. ಕೊನೆಗೆ ಗ್ಯಾರಿ ಶಾಲೆಯನ್ನೇ ಬಿಟ್ಟ. ಆ ಸಿಟ್ಟಿನಲ್ಲಿ, ಒಂದಷ್ಟು ಚೇಷ್ಟೆಯಲ್ಲಿ, ಹುಡುಗರು ಮೇಷ್ಟ್ರ ಹೆಸರನ್ನೇ ಬ್ಯಾಂಡಿಗೆ ಇಟ್ಟರು. ಮುಂದೆ ಅಕ್ಷರಗಳನ್ನು ಸ್ವಲ್ಪ ತಿರುಚಿದರು. 1973ರಲ್ಲಿ ಬಂದ ಮೊದಲ ಆಲ್ಬಮ್ಮಿನ ಶೀರ್ಷಿಕೆಯೇ ಆ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಹೇಳಿಕೊಡುತ್ತದೆ.

ಸ್ಕಿನರ್ ಅವರನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ನಿಯಮ ನನ್ನದಲ್ಲ, ಶಾಲೆಯದು, ನಾನು ಕೆಲಸ ಮಾಡಿದೆ ಎಂಬ ಅರ್ಥದ ಮಾತನ್ನೇ ಅವರು ಕೊನೆಯವರೆಗೂ ಹೇಳುತ್ತಿದ್ದರು. ಶಾಲೆ ಬಿಟ್ಟು ಮನೆ-ನಿವೇಶನ ಮಾರುವ ವ್ಯವಹಾರಕ್ಕೆ ಇಳಿದಾಗ ಅವರ ಕಚೇರಿಯ ಬೋರ್ಡಿನ ಫೋಟೊವನ್ನು ಬ್ಯಾಂಡಿನವರು 1975ರ ಆಲ್ಬಮ್ಮಿನ ಒಳಭಾಗದಲ್ಲಿ ಹಾಕಿಕೊಂಡರು. ಬೋರ್ಡಿನಲ್ಲಿ ಫೋನ್ ನಂಬರ್ ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅಭಿಮಾನಿಗಳ ಕರೆ ಬರತೊಡಗಿತು. ಆದರೂ ಮನಸ್ತಾಪ ಉಳಿಯಲಿಲ್ಲ. ಜಾಕ್ಸನ್‌ವಿಲ್‌ನ ಒಂದು ಸಂಗೀತ ಕಛೇರಿಯಲ್ಲಿ ವೇದಿಕೆ ಹತ್ತಿ ಬ್ಯಾಂಡನ್ನು ಪರಿಚಯಿಸಿದವರು ಇದೇ ಮೇಷ್ಟ್ರು. 2010ರಲ್ಲಿ, 77ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅಮೆರಿಕದ ದೊಡ್ಡ ದೊಡ್ಡ ಪತ್ರಿಕೆಗಳು ಆ ಸುದ್ದಿಯನ್ನು ಪ್ರಕಟಿಸಿದವು. ಒಬ್ಬ ಪಿ.ಟಿ. ಮೇಷ್ಟ್ರಿಗೆ ಅಂಥ ಗೌರವ ಸಿಕ್ಕಿದ್ದು ಅಪರೂಪ.

ಈ ಕತೆಯಲ್ಲಿ ನನಗೆ ಮುಖ್ಯವೆನಿಸುವುದು ಮುಂದಿನದು. ಕೋಚ್‌ನನ್ನು ಎದುರುಹಾಕಿಕೊಂಡ ಹುಡುಗರು ಕೋಚ್‌ನ ಶಿಸ್ತನ್ನು ಮಾತ್ರ ಬಿಡಲಿಲ್ಲ. ರಾನಿಗೆ ಚಿಕ್ಕಂದಿನಿಂದ ಬೇಸ್‌ಬಾಲ್ ಆಟಗಾರನಾಗುವ ಕನಸಿತ್ತು, ಬ್ಯಾಂಡನ್ನೂ ಅವನು ತಂಡದ ಹಾಗೆಯೇ ನಡೆಸಿದ. ಗ್ರೀನ್ ಕೋವ್ ಸ್ಪ್ರಿಂಗ್ಸ್ ಎಂಬ ಊರಿನ ಹತ್ತಿರ, ಜನವಸತಿಯಿಂದ ದೂರ, ತಗಡಿನ ಮಾಡಿನ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದರು. ಫ್ಲಾರಿಡಾದ ಬೇಸಿಗೆಯ ಸೆಕೆ ನಮ್ಮ ಮಂಗಳೂರಿನ ಮೇ ತಿಂಗಳಿಗೆ ಏನೂ ಕಡಿಮೆಯಿಲ್ಲ. ಎ.ಸಿ. ಇಲ್ಲದ ಆ ಮನೆಗೆ ಹುಡುಗರೇ ನರಕದ ಮನೆ ಎಂದು ಹೆಸರಿಟ್ಟರು. ದಿನಗಟ್ಟಲೆ ಅಲ್ಲಿ ಅಭ್ಯಾಸ. ಒಂದು ಗಿಟಾರ್ ಸೋಲೊ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಹೀಗೆ ಎಂದು ನಿಶ್ಚಯವಾದ ಮೇಲೆ ಪ್ರತಿ ಕಛೇರಿಯಲ್ಲೂ ಅದು ಹಾಗೆಯೇ ಬರಬೇಕು. ಸ್ವರ ತಪ್ಪಿದರೆ ರಾನಿ ಸುಮ್ಮನಿರುತ್ತಿರಲಿಲ್ಲ.

ಇದು ಯಾವ ಸಂಗೀತ?

ದಕ್ಷಿಣ ರಾಜ್ಯಗಳೆಂದರೆ ಇಲ್ಲಿ ಜಾರ್ಜಿಯಾ, ಅಲಬಾಮಾ, ಫ್ಲಾರಿಡಾ, ಟೆನೆಸ್ಸೀ, ಎರಡು ಕ್ಯಾರೊಲೈನಾಗಳು, ಮಿಸಿಸಿಪ್ಪಿ ಮತ್ತು ಸುತ್ತಲಿನ ನೆಲ. ಹತ್ತಿ ಬೆಳೆದ ನಾಡು, ಗುಲಾಮಗಿರಿಯ ನಾಡು, ಅಂತರ್ಯುದ್ಧದಲ್ಲಿ ಸೋತ ನಾಡು. ಕಪ್ಪು ಜನರ ಬ್ಲೂಸ್, ಬಿಳಿ ರೈತಾಪಿ ಜನರ ಕಂಟ್ರಿ, ಇಬ್ಬರ ಚರ್ಚುಗಳಲ್ಲೂ ಬೆಳೆದ ಗಾಸ್ಪೆಲ್, ಇವೆಲ್ಲ ಹುಟ್ಟಿದ್ದು ಅಥವಾ ಬೆಳೆದದ್ದು ಅಲ್ಲೇ. ರಾಕ್ ಸಂಗೀತ ಹುಟ್ಟಿದ್ದೇ ದಕ್ಷಿಣದಲ್ಲಿ, ಹೀಗಿರುವಾಗ ಅದಕ್ಕೆ ಮತ್ತೆ ಸದರ್ನ್ ಎಂಬ ವಿಶೇಷಣವೇಕೆ ಎಂದು ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಗಾಯಕ ಗ್ರೆಗ್ ಆಲ್‌ಮನ್ ಆಕ್ಷೇಪಿಸುತ್ತಿದ್ದರು. ಅವರ ಮಾತಿನಲ್ಲಿ ಹುರುಳಿದೆ. ಆದರೂ 1969ರಿಂದ 1977ರವರೆಗಿನ ಎಂಟು ವರ್ಷಗಳಲ್ಲಿ ಅಲ್ಲಿ ಒಂದು ನಿರ್ದಿಷ್ಟ ಬಗೆಯ ಸಂಗೀತ ರೂಪುಗೊಂಡಿತು. ಅದಕ್ಕೊಂದು ಹೆಸರು ಬೇಕಾಗಿತ್ತು.

ಅದನ್ನು ಕಟ್ಟಿದ ಮೊದಲ ಬ್ಯಾಂಡು ಆಲ್‌ಮನ್ ಬ್ರದರ್ಸ್. 1969ರ ಮಾರ್ಚ್‌ನಲ್ಲಿ, ಮತ್ತೆ ಅದೇ ಜಾಕ್ಸನ್‌ವಿಲ್‌ನಲ್ಲಿ, ಡ್ವೇನ್ ಮತ್ತು ಗ್ರೆಗ್ ಎಂಬ ಅಣ್ಣತಮ್ಮಂದಿರ ಸುತ್ತ ಅದು ಕೂಡಿಬಂತು. ಕೆಲವೇ ದಿನಗಳಲ್ಲಿ ಜಾರ್ಜಿಯಾದ ಮೇಕನ್ ಊರಿಗೆ ವಲಸೆ ಹೋಯಿತು. ಮೇಕನ್ ಲಿಟಲ್ ರಿಚರ್ಡ್ ಹುಟ್ಟಿದ ಊರು, ಓಟಿಸ್ ರೆಡಿಂಗ್ ಬೆಳೆದ ಊರು. ಓಟಿಸ್‌ನ ಮ್ಯಾನೇಜರ್ ಆಗಿದ್ದ ಫಿಲ್ ವಾಲ್ಡನ್, 1967ರ ಡಿಸೆಂಬರಿನ ವಿಮಾನ ದುರಂತದಲ್ಲಿ ತನ್ನ ಕಲಾವಿದನನ್ನು ಕಳೆದುಕೊಂಡು ಕೂತಿದ್ದವರು, ಈಗ ಕ್ಯಾಪ್ರಿಕಾರ್ನ್ ಎಂಬ ರೆಕಾರ್ಡ್ ಕಂಪನಿ ಕಟ್ಟಿ ಈ ಹುಡುಗರನ್ನು ಕೈಹಿಡಿದರು. ಬ್ಯಾಂಡಿನ ಇಬ್ಬರು ಡ್ರಮ್ಮರ್‌ಗಳಲ್ಲಿ ಒಬ್ಬರಾದ ಜೇಮೋ ಕಪ್ಪು ಜನಾಂಗದವರು, ಓಟಿಸ್ ಜೊತೆಯೂ ನುಡಿಸಿದ್ದವರು. 1969ರ ಜಾರ್ಜಿಯಾದಲ್ಲಿ ಕಪ್ಪು-ಬಿಳಿ ಹುಡುಗರು ಒಂದೇ ಮನೆಯಲ್ಲಿದ್ದು, ಒಂದೇ ವ್ಯಾನಿನಲ್ಲಿ ಊರೂರು ತಿರುಗುವುದು ಸಣ್ಣ ಮಾತಾಗಿರಲಿಲ್ಲ.

ಈ ಸಂಗೀತವನ್ನು ಕಿವಿಯಿಂದ ಗುರುತಿಸಲು ಎರಡು ಸಂಗತಿ ಗೊತ್ತಿದ್ದರೆ ಸಾಕು.

ಒಂದು, ಸ್ಲೈಡ್ ಗಿಟಾರ್. ಎಡಗೈ ಬೆರಳಿಗೆ ಗಾಜಿನ ಇಲ್ಲವೇ ಲೋಹದ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುತ್ತಾ ನುಡಿಸುವುದು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುವ ಬದಲು ಸ್ವರ ಹರಿದುಕೊಂಡು ಹೋಗುತ್ತದೆ, ನಮ್ಮ ಗೋಟುವಾದ್ಯದಲ್ಲಿ ಕೋಲು ಜಾರಿಸಿ ಗಮಕ ತೆಗೆಯುವ ಹಾಗೆ. ಡ್ವೇನ್ ಇದನ್ನು ಕಲಿತ ಬಗೆಯನ್ನು ತಮ್ಮ ಗ್ರೆಗ್ ಮತ್ತೆ ಮತ್ತೆ ಹೇಳುತ್ತಿದ್ದರು. 1968ರಲ್ಲಿ ಡ್ವೇನ್‌ಗೆ ಕುದುರೆಯಿಂದ ಬಿದ್ದು ಮೊಣಕೈಗೆ ಪೆಟ್ಟಾಗಿತ್ತು, ಮೇಲೆ ನೆಗಡಿ ಬೇರೆ. ಗ್ರೆಗ್‌ನಿಂದಲೇ ಹೀಗಾಯಿತೆಂದು ಅಣ್ಣ ಅವನೊಡನೆ ಮಾತು ಬಿಟ್ಟಿದ್ದ. ಹುಟ್ಟುಹಬ್ಬಕ್ಕೆ ಗ್ರೆಗ್ ಒಂದು ಬಾಟಲಿ ನೆಗಡಿ ಮಾತ್ರೆಯನ್ನೂ ಟಾಜ್ ಮಹಲ್ ಎಂಬ ಬ್ಲೂಸ್ ಗಾಯಕನ ರೆಕಾರ್ಡನ್ನೂ ಬಾಗಿಲಲ್ಲಿಟ್ಟು ಬಂದ. ಸ್ವಲ್ಪ ಹೊತ್ತಿಗೇ ಅಣ್ಣನ ಫೋನ್. ಓಡಿ ಹೋಗಿ ನೋಡಿದರೆ ಮಾತ್ರೆಗಳೆಲ್ಲ ಮೇಜಿನ ಮೇಲೆ, ಬಾಟಲಿಯ ಲೇಬಲ್ ತೊಳೆದುಹೋಗಿದೆ, ಖಾಲಿ ಬಾಟಲಿ ಡ್ವೇನ್‌ನ ಉಂಗುರ ಬೆರಳಿನಲ್ಲಿದೆ, ರೆಕಾರ್ಡಿನಲ್ಲಿದ್ದ ಹಾಡನ್ನು ಅವನು ನುಡಿಸುತ್ತಿದ್ದಾನೆ. ಆ ಹಾಡನ್ನು ಬರೆದದ್ದು ಜಾರ್ಜಿಯಾದ ಅಂಧ ಬ್ಲೂಸ್ ಗಾಯಕ ಬ್ಲೈಂಡ್ ವಿಲಿ ಮೆಕ್‌ಟೆಲ್. ಕಪ್ಪು ಜನರ ಹಾಡು ಬಿಳಿ ಹುಡುಗನ ಬೆರಳಿಗೆ ಬಂದ ದಾರಿ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನೊಂದು, ಜೋಡಿ ಗಿಟಾರ್. ಆ ಕಾಲದ ಹೆಚ್ಚಿನ ರಾಕ್ ಬ್ಯಾಂಡುಗಳಲ್ಲಿ ಒಬ್ಬ ನಾಯಕ ಗಿಟಾರಿಸ್ಟ್, ಉಳಿದವರು ಪಕ್ಕವಾದ್ಯ. ಇಲ್ಲಿ ಹಾಗಲ್ಲ. ಡ್ವೇನ್ ಮತ್ತು ಅದೇ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಡಿಕ್ಕಿ ಬೆಟ್ಸ್ ಒಂದೇ ರಾಗದೆಳೆಯನ್ನು ಒಟ್ಟಿಗೆ ನುಡಿಸುತ್ತಾರೆ, ಆದರೆ ಬೇರೆ ಬೇರೆ ಎತ್ತರದಲ್ಲಿ. ಒಬ್ಬ ಸರಿಗ ಎಂದರೆ ಇನ್ನೊಬ್ಬ ಅದೇ ಕ್ಷಣಕ್ಕೆ ಗಮಪ ಎನ್ನುತ್ತಾನೆ. ನಮ್ಮ ಶಾಸ್ತ್ರೀಯ ಸಂಗೀತದ ಕಿವಿಗೆ ಇದು ಮೊದಲು ವಿಚಿತ್ರ ಅನ್ನಿಸಬಹುದು, ನಮ್ಮಲ್ಲಿ ಎಲ್ಲರೂ ಒಂದೇ ಸ್ವರದ ಮೇಲಿರುತ್ತೇವೆ. ಎರಡು ಮೂರು ಸಲ ಕೇಳಿದರೆ ಎರಡೂ ಎಳೆಗಳು ಬೇರೆ ಬೇರೆಯಾಗಿ ಕೇಳಿಸತೊಡಗುತ್ತವೆ. ಅಲ್ಲಿಂದಾಚೆ ಬಿಡಲಾಗುವುದಿಲ್ಲ. ಲಿನರ್ಡ್ ಸ್ಕಿನರ್ಡ್‌ನವರು ಇದನ್ನು ಮೂರು ಗಿಟಾರಿಗೆ ಏರಿಸಿದರು. ಗ್ಯಾರಿ ನಿಧಾನ, ಎಳೆದೆಳೆದು ಹಾಡಿಸುವವನು. ಆ್ಯಲನ್ ಬಿರುಸು. ಕ್ಯಾಲಿಫೋರ್ನಿಯಾದಿಂದ ಬಂದ ಎಡ್ ಕಿಂಗ್ ಇಬ್ಬರ ನಡುವಿನ ಜಾಗ ತುಂಬುವವನು. ಮೂವರಿಗೂ ಮೈದಾನದಲ್ಲಿ ಇದ್ದಂತೆ ತಮ್ಮ ತಮ್ಮ ಜಾಗ ಗೊತ್ತಿತ್ತು.

ಎರಡು ಬ್ಯಾಂಡುಗಳ ಸ್ವಭಾವ ಮಾತ್ರ ಬೇರೆ. ಆಲ್‌ಮನ್‌ನವರು ಜ್ಯಾಸ್ ಕೇಳಿ ಬೆಳೆದವರು, ಮೈಲ್ಸ್ ಡೇವಿಸ್ ಮತ್ತು ಜಾನ್ ಕೋಲ್ಟ್ರೇನ್ ಅವರ ಆರಾಧ್ಯರು. ಒಂದೇ ಹಾಡು ಒಂದು ರಾತ್ರಿ ಹತ್ತು ನಿಮಿಷ, ಇನ್ನೊಂದು ರಾತ್ರಿ ಇಪ್ಪತ್ತು ನಿಮಿಷ. ಮನೋಧರ್ಮಕ್ಕೆ ಬಿಟ್ಟ ವಿಸ್ತಾರ ಅದು. ಸ್ಕಿನರ್ಡ್‌ನವರದು ಕಲ್ಪಿತ, ಬಾಯಿಪಾಠ ಮಾಡಿದ ಕೃತಿಯಂತೆ ಖಚಿತ. ಶಾಲೆಯ ಮೈದಾನಕ್ಕೆ ಹೆಚ್ಚು ಒಗ್ಗಿದ್ದು ಎರಡನೆಯದು. ಅದಕ್ಕೆ ಕಾರಣವಿದೆ.

ಶುಕ್ರವಾರದ ಸಂಜೆ

ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಎಂದರೆ ಮಕ್ಕಳ ಆಟವಷ್ಟೇ ಅಲ್ಲ. ದಕ್ಷಿಣದ ಸಣ್ಣ ಊರುಗಳಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಶುಕ್ರವಾರ ಸಂಜೆ ಊರಿಗೆ ಊರೇ ಶಾಲೆಯ ಸ್ಟೇಡಿಯಂನಲ್ಲಿರುತ್ತದೆ. ಇದಕ್ಕೆ ಕಾನೂನಿನ ಬಲವೂ ಇದೆ. ವೃತ್ತಿಪರ ಫುಟ್‌ಬಾಲ್ ಲೀಗಿಗೆ ಟಿ.ವಿ. ಹಕ್ಕುಗಳನ್ನು ಒಟ್ಟಾಗಿ ಮಾರಲು ವಿನಾಯಿತಿ ಕೊಟ್ಟ 1961ರ ಕಾಯ್ದೆ, ಆ ತಿಂಗಳುಗಳ ಶುಕ್ರವಾರ ರಾತ್ರಿ ಮತ್ತು ಶನಿವಾರದ ಪ್ರಸಾರಕ್ಕೆ ಕಡಿವಾಣ ಹಾಕಿತು. ಶುಕ್ರವಾರ ಶಾಲೆಗಳಿಗೆ, ಶನಿವಾರ ಕಾಲೇಜುಗಳಿಗೆ, ಭಾನುವಾರ ದೊಡ್ಡವರಿಗೆ ಎಂಬ ಪದ್ಧತಿ ಗಟ್ಟಿಯಾಯಿತು.

ನನ್ನ ಅಕ್ಕನ ಮನೆ ಅಟ್ಲಾಂಟಾದ ಹೊರವಲಯದಲ್ಲಿದೆ. ಅವಳ ಮಗ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದಾಗ ಅಂಥ ಒಂದು ಪಂದ್ಯಕ್ಕೆ ಹೋಗಿದ್ದೆ. ಅಲ್ಯೂಮಿನಿಯಂ ಬೆಂಚುಗಳು, ಕಣ್ಣು ಕುಕ್ಕುವ ದೀಪಗಳು, ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಬಿಸಿ ಪೊಟ್ಟಣ. ಹೌದು, ಉಪ್ಪು ಹಾಕಿ ಸಿಪ್ಪೆ ಸಮೇತ ಬೇಯಿಸಿದ್ದು. ಜಾರ್ಜಿಯಾದವರಿಗೆ ಅದು ಪ್ರಾಣ, ಅಕ್ಕನಿಗೆ ಬಸವನಗುಡಿಯ ಪರಿಷೆ ನೆನಪಾಗುವ ತಿಂಡಿ. ನಡುವಿರಾಮಕ್ಕೆ ಬ್ಯಾಂಡು ಮೈದಾನಕ್ಕಿಳಿಯಿತು. ಮೊದಲು ಡ್ರಮ್ಮುಗಳು, ಹಿಂದೆ ಹಿತ್ತಾಳೆ ವಾದ್ಯಗಳು. ಗಿಟಾರಿಗೆಂದು ಕಟ್ಟಿದ ಸ್ವರಗಳನ್ನು ಟ್ರಂಪೆಟ್ ನುಡಿಸುತ್ತಿತ್ತು, ಟ್ಯೂಬಾ ಕೆಳಗಿನಿಂದ ಹೊರುತ್ತಿತ್ತು. ನಾಲ್ಕೇ ಸ್ವರ ಬರುವಷ್ಟರಲ್ಲಿ ಬೆಂಚಿನ ಮೇಲಿದ್ದ ಅಜ್ಜ ಅಜ್ಜಿಯರಿಂದ ಹಿಡಿದು ಆರನೇ ಕ್ಲಾಸಿನ ಮಕ್ಕಳವರೆಗೆ ಎಲ್ಲರೂ ಎದ್ದು ಹಾಡತೊಡಗಿದರು. ಅದು 1974ರಲ್ಲಿ ಬಂದ ಸ್ಕಿನರ್ಡ್‌ನ ‘ಸ್ವೀಟ್ ಹೋಮ್ ಅಲಬಾಮಾ’.

“ಮಾಮ, ಇದರಲ್ಲಿ ಇರೋದು ಮೂರೇ ಕಾರ್ಡು. ಸುತ್ತಿ ಸುತ್ತಿ ಅದೇ ಬರುತ್ತೆ. ಹೊಸದಾಗಿ ಸೇರಿದವರಿಗೂ ಬೇಗ ಕೈಗೆ ಕೂರುತ್ತೆ,” ಎಂದ ಆಮೇಲೆ ಅಕ್ಕನ ಮಗ.

“ನಿನಗೆ ಈ ಹಾಡು ಮೊದಲೇ ಗೊತ್ತಿತ್ತೇನೋ?”

“ಮನೇಲಿ ಎಲ್ಲಿ ಕೇಳ್ಬೇಕು! ಬಸ್ಸಲ್ಲಿ ಸೀನಿಯರ್ಸ್ ಹಾಕ್ತಿದ್ರು. ಬೇರೆ ಊರಿಗೆ ಮ್ಯಾಚಿಗೆ ಹೋಗೋವಾಗ. ಆಮೇಲೆ ನಾನೇ ಹುಡುಕಿ ಹುಡುಕಿ ಉಳಿದಿದ್ದೆಲ್ಲ ಕೇಳಿದೆ.”

ಕಾರ್ಡು ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಆ ಮೂರು ಕಾರ್ಡುಗಳು ಡಿ, ಸಿ, ಜಿ. ಹಾಡಿನುದ್ದಕ್ಕೂ ಹೆಚ್ಚುಕಡಿಮೆ ಅವೇ, ಅದೇ ಅನುಕ್ರಮದಲ್ಲಿ. ಕೇಳುವವರಿಗೆ ಮುಂದೇನು ಬರುತ್ತದೆಂದು ಎರಡನೇ ಸುತ್ತಿಗೇ ತಿಳಿದುಹೋಗುತ್ತದೆ, ಹಾಗಾಗಿ ಹಾಡದವನ ಬಾಯಲ್ಲೂ ಹಾಡು ಬರುತ್ತದೆ. ಸಾಲುಗಳ ನಡುವೆ ಉಸಿರಾಡಲು ಜಾಗವಿದೆ. ಆ ಜಾಗದಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಪ್ರೇಕ್ಷಕರು ತಮ್ಮ ತಂಡದ ಘೋಷಣೆಯಾದ ‘ರೋಲ್ ಟೈಡ್ ರೋಲ್’ ಅನ್ನು ತುರುಕಿ ಹಾಡನ್ನೇ ತಮ್ಮದು ಮಾಡಿಕೊಂಡಿದ್ದಾರೆ. ಟಸ್ಕಲೂಸದ ಸ್ಟೇಡಿಯಂನಲ್ಲಿ ಸುಮಾರು ಒಂದು ಲಕ್ಷ ಜನ ಒಟ್ಟಿಗೆ ಹಾಗೆ ಕೂಗುತ್ತಾರೆ. ಕೊನೆಗೊಂದು ಸೋಜಿಗ: ಈ ಹಾಡು ಕಟ್ಟಿದ ಮೂವರಲ್ಲಿ ಒಬ್ಬರೂ ಅಲಬಾಮಾದವರಲ್ಲ. ಇಬ್ಬರು ಫ್ಲಾರಿಡಾದವರು, ಒಬ್ಬ ಕ್ಯಾಲಿಫೋರ್ನಿಯಾದವನು. ರೆಕಾರ್ಡ್ ಆದದ್ದು ಜಾರ್ಜಿಯಾದ ಡೊರಾವಿಲ್‌ನ ಸ್ಟುಡಿಯೊ ಒನ್‌ನಲ್ಲಿ. ಅಟ್ಲಾಂಟಾದ ಕನ್ನಡಿಗರಿಗೆ ಡೊರಾವಿಲ್ ಎಂದರೆ ಮೆಟ್ರೊ ರೈಲಿನ ಕೊನೆಯ ನಿಲ್ದಾಣ. ಈ ಸಂಗೀತದ ಮುಖ್ಯ ಸ್ಟುಡಿಯೊಗಳಲ್ಲಿ ಒಂದು ಅಲ್ಲೇ ಇತ್ತು.

ತಂಡದೊಳಗೆ ಸಂಗೀತ ಹರಡುವ ರೀತಿಯನ್ನೂ ಗಮನಿಸಬೇಕು. ರೇಡಿಯೊದಲ್ಲಿ ಹಾಡು ಬಂದರೆ ಬೇಡದವನು ಚಾನೆಲ್ ಬದಲಿಸುತ್ತಾನೆ. ಜಿಮ್ಮಿನಲ್ಲಿ, ಬಸ್ಸಿನಲ್ಲಿ ಅದು ಸಾಧ್ಯವಿಲ್ಲ. ಸ್ಪೀಕರ್ ಹಿರಿಯ ಆಟಗಾರರ ಕೈಯಲ್ಲಿ. ಹದಿನಾಲ್ಕರ ಹೊಸಬ ಬಾಯಿ ಮುಚ್ಚಿಕೊಂಡು ಕೇಳಬೇಕು. ಸೀಸನ್ ಮುಗಿಯುವಷ್ಟರಲ್ಲಿ ಹಾಡು ರಕ್ತಗತವಾಗಿರುತ್ತದೆ. ಮೂರು ವರ್ಷ ಕಳೆದು ಅವನೇ ಹಿರಿಯ, ಸ್ಪೀಕರ್ ಅವನ ಕೈಯಲ್ಲಿ. ಹೀಗೆ ಐವತ್ತು ವರ್ಷ. ಎಪ್ಪತ್ತರ ದಶಕದಲ್ಲಿ ಈ ಕೆಲಸ ಮಾಡಿದ್ದು ಕಾರುಗಳಲ್ಲಿ ಬರುತ್ತಿದ್ದ ಎಯ್ಟ್ ಟ್ರ್ಯಾಕ್ ಟೇಪು. ಫೋರ್ಡ್ ಕಂಪನಿ 1966ರ ಮಾಡೆಲ್‌ಗಳಿಂದಲೇ ಅದನ್ನು ಕಾರಿನಲ್ಲಿ ಕೊಡತೊಡಗಿತ್ತು. ಆ ಟೇಪು ತುದಿಯಿಲ್ಲದ ಸುರುಳಿ. ಮುಗಿಯುವುದೇ ಇಲ್ಲ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಪಿಕಪ್ ಬಾಗಿಲು ತೆರೆದಿಟ್ಟರೆ ಅಭ್ಯಾಸ ಮುಗಿಸಿ ಬಂದವರೆಲ್ಲ ಸುತ್ತ ಸೇರಿ ಅದನ್ನೇ ಕೇಳುತ್ತಾ ನಿಲ್ಲುತ್ತಿದ್ದರು.

‘ಫ್ರೀ ಬರ್ಡ್’ ಎಂಬ ಹಾಡಿನ ರಚನೆಯನ್ನು ನೋಡಿದರೆ ಆಟಗಾರರಿಗೆ ಇದು ಏಕೆ ಹಿಡಿಸುತ್ತದೆಂದು ತಿಳಿಯುತ್ತದೆ. ಆಲ್ಬಮ್ಮಿನಲ್ಲಿ ಅದು ಒಂಬತ್ತು ನಿಮಿಷ ದಾಟುತ್ತದೆ. ಮೊದಲರ್ಧ ನಿಧಾನ, ಆರ್ಗನ್ ಮತ್ತು ಸ್ಲೈಡ್ ಗಿಟಾರಿನ ಮೇಲೆ ಒಬ್ಬ ಹುಡುಗ ಬಿಟ್ಟುಹೋಗುವ ಮಾತು ಹೇಳುತ್ತಾನೆ. ಅರ್ಧ ದಾಟಿದ ಮೇಲೆ ಲಯ ಏರುತ್ತದೆ, ಮಾತು ನಿಲ್ಲುತ್ತದೆ, ಕೊನೆಯ ನಾಲ್ಕು ನಿಮಿಷಕ್ಕೂ ಮಿಕ್ಕಿ ಗಿಟಾರ್ ಮಾತ್ರ. ಹೊರಗೆ ಹೋಗುವ ಮುನ್ನ ಬಾಗಿಲ ಬಳಿ ಗುಂಪಾಗಿ ನಿಂತ ತಂಡಕ್ಕೆ ಆ ಏರಿಕೆ ಬೇಕು. ಇಷ್ಟುದ್ದದ ಹಾಡನ್ನು ರೇಡಿಯೊ ಹಾಕುವುದಿಲ್ಲವೆಂಬ ಭಯ ಎಲ್ಲರಿಗೂ ಇತ್ತು. 1974ರ ಕೊನೆಯಲ್ಲಿ ಕತ್ತರಿಸಿದ ರೂಪ ಬಿಡುಗಡೆಯಾಗಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನದವರೆಗೆ ಹೋಯಿತು. ಆದರೆ ಜನ ಕೇಳಿದ್ದು, ಈಗಲೂ ಕೇಳುವುದು, ಕತ್ತರಿಸದ ರೂಪವನ್ನೇ. ಆ ಹಾಡಿನ ಪಿಯಾನೊ ಬಂದದ್ದೂ ಒಂದು ಶಾಲೆಯಿಂದ. ಜಾಕ್ಸನ್‌ವಿಲ್‌ನ ಬೋಲ್ಸ್ ಸ್ಕೂಲಿನ ವಿದಾಯ ಕೂಟದಲ್ಲಿ ಬ್ಯಾಂಡಿನ ಕಛೇರಿ. ವಾದ್ಯಗಳನ್ನು ಹೊತ್ತು ಇಳಿಸುವ ಕೆಲಸಕ್ಕಿದ್ದ ಬಿಲ್ಲಿ ಪವೆಲ್ ಬಿಡುವಿನಲ್ಲಿ ಪಿಯಾನೊ ಮುಂದೆ ಕೂತು ಆ ಹಾಡಿಗೆ ತಾನೇ ಕಟ್ಟಿದ್ದ ಪೀಠಿಕೆಯನ್ನು ನುಡಿಸಿದ. ವರ್ಷವಿಡೀ ನಮ್ಮ ಸಾಮಾನು ಹೊರುತ್ತಿದ್ದವನಿಗೆ ಇದು ಬರುತ್ತದೆಂದು ರಾನಿಗೆ ಗೊತ್ತಾದದ್ದೇ ಆಗ. ಅಲ್ಲಿಂದ ಅವನು ಬ್ಯಾಂಡಿನ ಪಿಯಾನೊ ವಾದಕ.

ಬಾವುಟದ ಪ್ರಶ್ನೆ

ಇದನ್ನು ಬಿಟ್ಟು ಸದರ್ನ್ ರಾಕ್ ವಿವರಿಸುವುದು ಪ್ರಾಮಾಣಿಕವಲ್ಲ. ಆ ಶಾಲೆಗೆ ಹೆಸರು ಕೊಟ್ಟ ರಾಬರ್ಟ್ ಇ. ಲೀ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಾಗಿ ನಿಂತ ದಕ್ಷಿಣದ ಸೇನಾಪತಿ. ಬಣ್ಣದ ಆಧಾರದಲ್ಲಿ ಶಾಲೆಗಳನ್ನು ಬೇರ್ಪಡಿಸುವುದು ತಪ್ಪೆಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದ್ದರೂ ಜಾಕ್ಸನ್‌ವಿಲ್‌ನಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಶಾಲೆಗಳನ್ನು ಬೆರೆಸುವ ಕೆಲಸ ಕೋರ್ಟಿನ ಆದೇಶದ ಮೇರೆಗೆ ವ್ಯಾಪಕವಾಗಿ ನಡೆದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಕಪ್ಪು ಆಟಗಾರನೊಬ್ಬ ಮೊದಲ ಬಾರಿ ಕಣಕ್ಕಿಳಿದದ್ದು 1971ರಲ್ಲಿ, ಅವರ ಹೆಸರು ಜಾನ್ ಮಿಚೆಲ್. ಬಹಳ ಊರುಗಳಲ್ಲಿ ಕಪ್ಪು-ಬಿಳಿ ಹುಡುಗರು ಒಂದೇ ಗುರಿಗಾಗಿ ಒಟ್ಟಿಗೆ ಬೆವರು ಸುರಿಸಿದ ಮೊದಲ ಜಾಗ ಶಾಲೆಯ ತಂಡವೇ.

ಇಂಥ ಹೊತ್ತಿನಲ್ಲಿ ಸ್ಕಿನರ್ಡ್ ಬ್ಯಾಂಡು ವೇದಿಕೆಯ ಹಿಂದೆ ದಕ್ಷಿಣದ ಯುದ್ಧದ ಬಾವುಟವನ್ನು ಹರಡಿತು. ಅದು ರೆಕಾರ್ಡ್ ಕಂಪನಿಯ ಪ್ರಚಾರದ ಉಪಾಯವಾಗಿತ್ತೆಂದು ಅವರು ಆಮೇಲೆ ಹೇಳಿದರು. ಇರಬಹುದು. ಆದರೆ ದಶಕಗಳ ಕಾಲ ಅದನ್ನು ಇಟ್ಟುಕೊಂಡವರು ಅವರೇ. ಆ ಬಾವುಟ ಕಂಡ ಕಪ್ಪು ಹುಡುಗನಿಗೆ ಅದು ತನ್ನ ಮುತ್ತಜ್ಜನ ಸಂಕೋಲೆಯನ್ನು ನೆನಪಿಸುತ್ತದೆಂಬ ತಿಳಿವಳಿಕೆ ಇರಬೇಕಿತ್ತು. ಹಾಗೆಂದು ಹಾಡುಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಅದೇ ಅಲಬಾಮಾದ ಹಾಡಿನಲ್ಲಿ, ವರ್ಣಭೇದದ ಪರವಾಗಿದ್ದ ಗವರ್ನರ್ ಜಾರ್ಜ್ ವಾಲೆಸ್‌ನನ್ನು ಕುರಿತ ಸಾಲಿನ ಹಿಂದೆಯೇ ಹಿನ್ನೆಲೆ ಗಾಯಕಿಯರು ಮೂರು ಸಲ ‘ಬೂ’ ಎಂದು ಧಿಕ್ಕರಿಸುತ್ತಾರೆ. ಆ ಗಾಯಕಿಯರಲ್ಲಿ ಮೆರ‍್ರಿ ಕ್ಲೇಟನ್ ಮತ್ತು ಕ್ಲೈಡಿ ಕಿಂಗ್ ಇದ್ದರು, ಇಬ್ಬರೂ ಕಪ್ಪು ಮಹಿಳೆಯರು. ಅಲಬಾಮಾ ಎಂಬ ಹೆಸರು ಕೇಳಿಯೇ ಮೆರ‍್ರಿ ಮೊದಲು ಹಿಂಜರಿದರು, ಕ್ಲೈಡಿ ಒಪ್ಪಿಸಿ ಕರೆತಂದರು. ಹಾಡಿನ ಉಳಿದ ಭಾಗ ಮತ್ತು ಆ ‘ಬೂ’ ಒಂದಕ್ಕೊಂದು ಹೊಂದುವುದಿಲ್ಲ ಎನ್ನುವವರಿದ್ದಾರೆ, ವಾದ ಐವತ್ತು ವರ್ಷವಾದರೂ ಮುಗಿದಿಲ್ಲ. ಶಾಲೆಯ ವಿಷಯ ಮಾತ್ರ ತೀರ್ಮಾನವಾಯಿತು. 2021ರಲ್ಲಿ ಲೀ ಹೆಸರು ತೆಗೆದು ಅದನ್ನು ರಿವರ್‌ಸೈಡ್ ಹೈಸ್ಕೂಲ್ ಎಂದು ಕರೆದರು.

ಅಕಾಲದ ಸಾವುಗಳು

ಈ ಸಂಗೀತದ ಮೊದಲ ಅಧ್ಯಾಯ ಬೇಗ ಮುಗಿಯಿತು. ಡ್ವೇನ್ ಆಲ್‌ಮನ್ 1971ರ ಅಕ್ಟೋಬರ್ 29ರಂದು ಮೇಕನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ 24. ಒಂದು ವರ್ಷ ಕಳೆದ ಬಳಿಕ ಅದೇ ಬ್ಯಾಂಡಿನ ಬೇಸ್ ಗಿಟಾರಿಸ್ಟ್ ಬೆರಿ ಓಕ್ಲಿ ಕೂಡ ಬೈಕ್ ಅಪಘಾತದಲ್ಲೇ, ಅದೇ ಊರಿನಲ್ಲೇ ಹೋದ. 1977ರ ಅಕ್ಟೋಬರ್ 20ರಂದು ಸ್ಕಿನರ್ಡ್ ಬ್ಯಾಂಡಿನವರಿದ್ದ ಬಾಡಿಗೆ ವಿಮಾನ ಇಂಧನ ಮುಗಿದು ಮಿಸಿಸಿಪ್ಪಿಯ ಗಿಲ್ಸ್‌ಬರ್ಗ್ ಬಳಿಯ ಕಾಡಿಗೆ ಬಿತ್ತು. ವಿಮಾನದಲ್ಲಿದ್ದ 26 ಜನರಲ್ಲಿ ಆರು ಮಂದಿ ಸತ್ತರು. ಅವರಲ್ಲಿ ರಾನಿಯೂ ಒಬ್ಬ, ವಯಸ್ಸು 29. ಗಿಟಾರಿಸ್ಟ್ ಸ್ಟೀವ್ ಗೇನ್ಸ್ ಮತ್ತು ಹಿನ್ನೆಲೆ ಗಾಯಕಿಯಾಗಿದ್ದ ಅವನ ಅಕ್ಕ ಕ್ಯಾಸಿ ಒಟ್ಟಿಗೆ ಹೋದರು. ಹೊಸ ಆಲ್ಬಮ್ ಬಂದು ಮೂರೇ ದಿನವಾಗಿತ್ತು. ಅದರ ಮುಖಪುಟದಲ್ಲಿ ಬ್ಯಾಂಡಿನವರು ಬೆಂಕಿಯ ನಡುವೆ ನಿಂತಿದ್ದರು. ಕಂಪನಿ ಅದನ್ನು ಬದಲಿಸಿತು. ಬ್ಯಾಂಡು 1987ರಲ್ಲಿ ರಾನಿಯ ತಮ್ಮ ಜಾನಿಯ ದನಿಯೊಂದಿಗೆ ಮತ್ತೆ ಕೂಡಿತು. ಮೊದಲ ತಂಡದಲ್ಲಿ ಉಳಿದಿದ್ದ ಕೊನೆಯವರಾದ ಗ್ಯಾರಿ ರಾಸಿಂಗ್ಟನ್ 2023ರ ಮಾರ್ಚ್‌ನಲ್ಲಿ ಹೋದರು.

ಎಲ್ಲಿಂದ ಕೇಳಬೇಕು

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಆ ಕಡೆಯ ಶಾಲೆಯಲ್ಲಿದ್ದರೆ ಅವರು ಸ್ಕಿನರ್ಡ್‌ನಿಂದ ಶುರು ಮಾಡಿರುತ್ತಾರೆ, ಬಿಡಿ. 1973ರ ಮೊದಲ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಲು ಹೇಳಿ, ನೀವೂ ಜೊತೆಗೆ ಕೂತುಕೊಳ್ಳಿ. ಎಡ ಕಿವಿಯ ಗಿಟಾರ್ ಯಾವುದು, ಬಲ ಕಿವಿಯದು ಯಾವುದು ಎಂದು ಬೇರ್ಪಡಿಸಿ ಕೇಳಲು ಇಯರ್‌ಫೋನ್ ಒಳ್ಳೆಯದು. ‘ಫ್ರೀ ಬರ್ಡ್’ನ ಕೊನೆಯ ಭಾಗದಲ್ಲಿ ಎರಡು ಗಿಟಾರ್ ಕೇಳಿಸುತ್ತವಲ್ಲ, ಅವೆರಡೂ ಆ್ಯಲನ್ ಕಾಲಿನ್ಸ್ ಒಬ್ಬನದೇ. ತಾನು ನುಡಿಸಿದ್ದರ ಮೇಲೆ ತಾನೇ ಇನ್ನೊಮ್ಮೆ ನುಡಿಸಿದ್ದಾನೆ. ಮರ ಹತ್ತಿ ಕೂತಿದ್ದ ಹುಡುಗ ಅವನೇ.

ಆಮೇಲೆ ಆಲ್‌ಮನ್ ಬ್ರದರ್ಸ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಕೊಟ್ಟ ಕಛೇರಿಯ ರೆಕಾರ್ಡು. ಶುರುವಾಗುವುದೇ ಆ ಮಾತ್ರೆ ಬಾಟಲಿಯ ಹಾಡಿನಿಂದ. ದಕ್ಷಿಣ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗ್ ಊರಿನ ಮಾರ್ಷಲ್ ಟಕರ್ ಬ್ಯಾಂಡಿನಲ್ಲಿ ಕೊಳಲು ಕೂಡ ಇದೆ, ಅದರ ಗಿಟಾರಿಸ್ಟ್ ಟಾಯ್ ಕಾಲ್ಡ್‌ವೆಲ್ ಹೆಬ್ಬೆರಳಿನಲ್ಲೇ ತಂತಿ ಮೀಟುತ್ತಿದ್ದರು. ಜಾಕ್ಸನ್‌ವಿಲ್‌ನಿಂದ ಬಂದ ಉಳಿದ ಬ್ಯಾಂಡುಗಳನ್ನು ನಿಧಾನವಾಗಿ ಕೇಳಿದರಾಯಿತು.

ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಕೇಳಿ ಬೆಳೆದ ಕಿವಿಗೆ ನಾನು ಹೇಳುವ ಬಾಗಿಲು ಬೇರೆ: ಡೆರೆಕ್ ಟ್ರಕ್ಸ್. 1979ರಲ್ಲಿ ಜಾಕ್ಸನ್‌ವಿಲ್‌ನಲ್ಲಿ ಹುಟ್ಟಿದವರು, ಆಲ್‌ಮನ್ ಬ್ರದರ್ಸ್‌ನ ಡ್ರಮ್ಮರ್ ಬುಚ್ ಟ್ರಕ್ಸ್ ಅವರ ಸಂಬಂಧಿ. ಒಂಬತ್ತರ ವಯಸ್ಸಿಗೆ ಗಿಟಾರ್ ಹಿಡಿದು, ಓರಗೆಯ ಮಕ್ಕಳು ಮೈದಾನದಲ್ಲಿದ್ದಾಗ ಇವರು ವೇದಿಕೆಯಲ್ಲಿದ್ದರು. 1999ರಲ್ಲಿ ಅದೇ ಆಲ್‌ಮನ್ ಬ್ಯಾಂಡಿಗೆ ಸೇರಿ ಒಂದು ಕಾಲಕ್ಕೆ ಡ್ವೇನ್ ನಿಂತಿದ್ದ ಜಾಗಕ್ಕೆ ಬಂದರು. ಸ್ಲೈಡಿನಲ್ಲಿ ಇನ್ನೇನು ಸಾಧ್ಯ ಎಂದು ಹುಡುಕುತ್ತಾ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದಿಗೆ ಮನಸೋತು, ಕ್ಯಾಲಿಫೋರ್ನಿಯಾದಲ್ಲಿರುವ ಖಾನ್ ಸಾಹೇಬರ ಸಂಗೀತ ಶಾಲೆಯಲ್ಲಿ ಕಲಿತರು. 2002ರ ಅವರ ಆಲ್ಬಮ್ಮಿನಲ್ಲಿ ರಾಹತ್ ಫತೇ ಅಲಿ ಖಾನ್ ಹಾಡಿದ್ದಾರೆ. ಅದನ್ನು ಕೇಳಿ, ಅದರ ಬೆನ್ನಿಗೇ ಫಿಲ್ಮೋರ್ ಈಸ್ಟ್‌ನ ಮೊದಲ ಹಾಡನ್ನು ಇನ್ನೊಮ್ಮೆ ಹಾಕಿ. ಡ್ವೇನ್ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಎಷ್ಟು ಹೊತ್ತು ನಿಲ್ಲುತ್ತಾನೆಂಬುದು ಆಗ ಕೇಳಿಸುತ್ತದೆ.